ಎಣ್ಣೆ ತಲೆಗೆ ಬಿಸಿ ಕಂಬಿ

ಇವತ್ತು ಬೆಳಿಗ್ಗೆ ಮಗಳ ಮನೆಯ ಅಡುಗೆಕೋಣೆಯಲ್ಲಿ ಕಾಯಿ ಹೆರೆಯುತ್ತ ಕೂತಿದ್ದಾಗ ಒಳಗಿನಿಂದ ಬಿಸಿ ಕೂದಲಿನ ವಾಸನೆ ಬಂತು. ಸುಟ್ಟ ವಾಸನೆಯಲ್ಲ. ಬಿಸಿಲಿಗೆ ಕಾದ ತಲೆಗೆ ಮೂಗಿಟ್ಟರೆ ಬರುತ್ತದಲ್ಲ, ಅದಕ್ಕಿಂತ ತುಸು ಖಾರ, ಅಷ್ಟೆ. ಆದರೂ ನನ್ನ ಕೈಯಲ್ಲಿದ್ದ ಕಾಯಿಯ ಹೋಳು ಜಾರಿ ಬಿತ್ತು.

ಮೊಮ್ಮಗಳು ನಿಧಿ ಹೊಸ ಯಂತ್ರದಲ್ಲಿ ಕೂದಲು ಗುಂಗುರು ಮಾಡಿ ನೋಡುತ್ತಿದ್ದಳು. ಬರುವ ವಾರ ಕುಂಭಾಶಿಯಲ್ಲಿ ಅವಳ ಮದುವೆ. ಅದನ್ನು ನೋಡುವವರೆಗೆ ನಾನು ಉಳಿಯುತ್ತೇನೆಂದು ಎಣಿಸಿರಲಿಲ್ಲ. ಹಾಗಾಗಿ ಸಂತೋಷ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ತಲ್ಲೂರಿನಿಂದ ಹಂಗಾರಕಟ್ಟೆಯ ಈ ಮನೆಗೆ ಬರುವಾಗ ಬಸ್ಸಿನ ಕಂಡಕ್ಟರಿಗೂ ಹೇಳಿದೆ. "ಹ್ವಾಯ್ ಅಮ್ಮ, ಮದಿ ಸುದ್ದಿ ಕಡಿಕೆ ಹೇಳಿ. ಮೊದ್ಲ್ ಎಲ್ಲಿಗ್ ಟಿಕೇಟ್ ಹೇಳಿ" ಎಂದ. ಬಸ್ಸಿಡೀ ನಕ್ಕಿತು. ನಾನೂ ನಕ್ಕೆ.

ಆ ಯಂತ್ರ ಕೊಡಿಸಿದ್ದೂ ನಾನೇ. ಹದಿನೈದು ದಿನದ ಹಿಂದೆ ನಿಧಿ ಮೊಬೈಲಿನಲ್ಲಿ ಎರಡು ತೋರಿಸಿದ್ದಳು. ಒಂದಕ್ಕೆ ಎಂಟುನೂರು, ಇನ್ನೊಂದಕ್ಕೆ ಎಂಟು ಸಾವಿರ.

"ಎರಡೂ ಕೂದ್ಲ್ ಸುತ್ತುದೇ ಅಲ್ದಾ ಅಮ್ಮಮ್ಮ? ಒಂದ್ ದಿನದ್ ಮದಿಗೆ ಎಂಟ್ ಸಾವ್ರ ಎಂತಕೆ?"

"ದೊಡ್ಡದ್ದೇ ತಕೋ. ದುಡ್ಡ್ ನಾನ್ ಕೊಡ್ತೆ."

ಮಲ್ಲಿಗೆ ಮಾರಿದ ದುಡ್ಡು. ಮೀನಿನವಳ ಹತ್ತಿರ ಎರಡು ಬಂಗುಡೆ ಹೆಚ್ಚು ಕೇಳಿ ಜಗಳ ಮಾಡುವವಳು ನಾನು. ಅವತ್ತು ಚೌಕಾಶಿಯ ಮಾತೇ ಬರಲಿಲ್ಲ. ನಿಧಿಗೆ ಆಶ್ಚರ್ಯ. ಅವಳ ತಾಯಿ, ನನ್ನ ಮಗಳು ಸುಮತಿ, ಅಲ್ಲೇ ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತಲಿಲ್ಲ. ಎಡಗಿವಿಯ ಮೇಲಿನ ಕೂದಲನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು.

ಆ ಕಿವಿಯ ಕಥೆ ಹೇಳದೆ ನಿಮಗೆ ಏನೂ ಅರ್ಥವಾಗುವುದಿಲ್ಲ.

ಇಪ್ಪತ್ತಾರು ವರ್ಷದ ಹಿಂದೆ ಸುಮತಿಯ ಮದುವೆ ತಲ್ಲೂರಿನ ನಮ್ಮ ಅಂಗಳದಲ್ಲೇ ನಡೆಯಿತು. ನನ್ನ ಯಜಮಾನರು ತೀರಿಕೊಂಡು ಆಗಲೇ ಎಂಟು ವರ್ಷ. ಮುಂಬಯಿಯ ಒಂದು ಕ್ಯಾಂಟೀನಿನಲ್ಲಿ ಚಹಾ ಮಾಡುತ್ತಿದ್ದ ನನ್ನ ತಮ್ಮನೇ ನಮಗೆ ದಿಕ್ಕು. ಅವನು ಮದುವೆಗೆ ಬರುವಾಗ ಫುಟ್‌ಪಾತಿನಲ್ಲಿ ಕೊಂಡ, ಕೂದಲು ಗುಂಗುರು ಮಾಡುವ ಒಂದು ಕಂಬಿ ತಂದಿದ್ದ. ಕೆಂಪು ಪ್ಲಾಸ್ಟಿಕ್ಕಿನ ಹಿಡಿ, ಒಂದು ವಯರು. ಬಿಸಿ ಎಷ್ಟಾಯಿತೆಂದು ತೋರಿಸುವ ದೀಪವೂ ಇರಲಿಲ್ಲ. "ಅಲ್ಲಿ ಮದಿ ಹೆಣ್ಗಳೆಲ್ಲ ಕೆನ್ನಿ ಹತ್ರ ಎರಡ್ ಎಳಿ ಬಿಡ್ತ್ರ್ ಅಕ್ಕ, ಬಳ್ಳಿ ಕಂಡಂಗೆ" ಎಂದು ತನ್ನ ಬೋಳು ತಲೆಯ ಪಕ್ಕ ಬೆರಳು ಸುತ್ತಿ ತೋರಿಸಿದ. ಎಲ್ಲರೂ ನಕ್ಕೆವು. ಅವನು ನಮ್ಮ ಮನೆಯಲ್ಲಿ ಅಷ್ಟು ನಗಿಸಿದ್ದು ಅದೇ ಕೊನೆ.

ನಮ್ಮಲ್ಲಿ ಮದುಮಗಳು ಮೀಯುವ ಮೊದಲು ಐದು ಮಂದಿ ಮುತ್ತೈದೆಯರು ಅವಳ ತಲೆಗೆ ಎಣ್ಣೆ ಇಡುತ್ತಾರೆ. ಗಂಡನಿಲ್ಲದವಳು ಆ ಹೊತ್ತಿಗೆ ಅತ್ತ ಸುಳಿಯುವಂತಿಲ್ಲ. ಹೋಗು ಎಂದು ಯಾರೂ ಹೇಳಲಿಲ್ಲ, ನಾನೇ ಎದ್ದು ಒಲೆ ಬುಡದಲ್ಲಿ ಕೂತೆ. ಹೊರಗೆ ಹೆಂಗಸರ ನಗು ಕೇಳುತ್ತಿತ್ತು. ಆ ತಲೆಯ ಹೇನು ಹೆಕ್ಕಿದವಳು ನಾನು. ಎರಡು ಜಡೆ ಹಾಕಿ ಶಾಲೆಗೆ ಕಳಿಸಿದವಳು ನಾನು. ಕೈ ಸುಮ್ಮನೆ ಮಡಿಲಲ್ಲಿ ಬಿದ್ದಿತ್ತು.

ಅವಳು ಮಿಂದು ಕೂದಲು ಒಣಗಿಸಿಕೊಂಡ ಮೇಲೆ ಬಾಚಣಿಗೆ ಕೊಡುವ ನೆವದಿಂದ ಒಳಕೋಣೆಗೆ ಕರೆದೆ. ಬಾಗಿಲು ಓರೆ ಮಾಡಿ, ಅಂಗೈ ತುಂಬ ತೆಂಗಿನೆಣ್ಣೆ ಸುರಿದುಕೊಂಡು ಅವಳ ನೆತ್ತಿಗೆ, ಕೆನ್ನೆಯ ಎಳೆಗಳಿಗೆ, ಕಿವಿಯ ಹಿಂದೆ ತಿಕ್ಕಿದೆ.

"ಎಂತ ಮಾಡ್ತೆ ಅಮ್ಮ? ಕೂದ್ಲ್ ಒಣಗ್ಸಿ ಆಯ್ತಲೆ!"

"ಕಾವಲಿಗ್ ಎಣ್ಣಿ ಸವರ್ರೆ ದೋಸಿ ಹತ್ತುದಿಲ್ಲೆ ಕಾಣ್. ಕಂಬಿ ಬಿಸಿಗೂ ಎಣ್ಣಿಯೇ ಲಾಯ್ಕ್. ಯಾರಿಗೂ ಹೇಳ್ಬೇಡ."

ಅವಳು ಹೇಳಲಿಲ್ಲ.

ಕಂಬಿ ಸುತ್ತುವ ಕ್ರಮ ಗೊತ್ತಿದ್ದದ್ದು ತಮ್ಮನಿಗೊಬ್ಬನಿಗೇ. ಸೋದರಮಾವ ತಾನೇ ನಿಂತು, ಚಹಾ ಸೋಸುವಷ್ಟು ಜಾಗ್ರತೆಯಿಂದ ಒಂದು ಎಳೆ ಸುತ್ತಿದ. ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ ಚರ್ ಎಂದಿತು. ಕುದಿದ ಎಣ್ಣೆ ಕಿವಿಯ ಮೇಲೆ, ಅದರ ಹಿಂದೆ, ಕುತ್ತಿಗೆಯವರೆಗೆ ಇಳಿಯಿತು. ಸುಮತಿ ಕೂಗಿದ್ದು ಈಗಲೂ ಕೇಳುತ್ತದೆ. ಸುಟ್ಟ ಕೂದಲಿನ ವಾಸನೆ ಚಪ್ಪರದವರೆಗೆ ಹೋಯಿತು. "ಮದಿ ಮನ್ಯಗ್ ಇದೆಂತ ಹೆಣ ಸುಟ್ ವಾಸ್ನಿ?" ಎಂದು ಗಂಡಿನ ಕಡೆಯ ಹೆಂಗಸೊಬ್ಬಳು ಕೇಳಿದಳು. ಸುಮತಿ ಕಿವಿಗೆ ಲೋಳೆಸರ ಒತ್ತಿಕೊಂಡು, ಅಳುತ್ತಲೇ, ಎಲ್ಲರಿಗೂ ಒಂದೇ ಮಾತು ಹೇಳಿದಳು: "ಕಂಬಿ ಸಮ ಇಲ್ಲೆ."

ನಾನು ಆ ಮಾತನ್ನು ಎತ್ತಿಕೊಂಡು ತಮ್ಮನ ಮೇಲೆ ಬಿದ್ದೆ. "ನಾಲ್ಕ್ ಕಾಸ್ ಉಳ್ಸುಕ್ ಹೋಯಿ ನನ್ ಮಗ್ಳ್ ಕೆಮಿ ಸುಟ್ಯಲ್ಲ!" ಅಂಗಳ ತುಂಬ ಜನ ಇದ್ದರು. ಅವನು ಕಂಬಿಯನ್ನು ಪೇಪರಿನಲ್ಲಿ ಸುತ್ತಿ ಚೀಲದೊಳಗೆ ಇಟ್ಟುಕೊಂಡ. ಮಲ್ಲಿಗೆಯಿಂದ ಕಿವಿ ಮುಚ್ಚಿ ಧಾರೆ ಎರೆದೆವು. ಗಂಡನ ಮನೆಯಲ್ಲಿ ಸುಮತಿಗೆ ಬಹಳ ವರ್ಷ 'ಸುಟ್ ಕೆಮಿ' ಎಂದೇ ಹೆಸರು. ಅದನ್ನು ಕೇಳಿದಾಗಲೆಲ್ಲ ನಾನು ತಮ್ಮನಿಗೆ ಚುಚ್ಚಿದೆ. ಅವನು ಊರಿಗೆ ಬಂದರೆ ಬಿಸ್ಕೀಟು ಮಾತ್ರ ತರುತ್ತಿದ್ದ. ಸೀರೆ ಯಾಕೆ ತರಲಿಲ್ಲವೆಂದರೆ "ನನ್ ಆಯ್ಕಿ ಬ್ಯಾಡ ಅಕ್ಕ" ಎನ್ನುತ್ತಿದ್ದ. ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡ.

ಈಗ ಹೇಳಿ, ಎಂಟು ಸಾವಿರಕ್ಕೆ ನಾನು ಚೌಕಾಶಿ ಮಾಡುವುದು ಹೇಗೆ? ಅಗ್ಗದ್ದೇ ನನ್ನ ಮಗಳ ಕಿವಿ ತಿಂದದ್ದು ಎಂದು ಇಷ್ಟು ವರ್ಷ ನಂಬಿದವಳು.

ಬಿದ್ದ ಕಾಯಿಯನ್ನು ಅಲ್ಲೇ ಬಿಟ್ಟು ಕೋಣೆಯ ಬಾಗಿಲಿಗೆ ಹೋದೆ. ನಿಧಿಯ ಭುಜದ ಮೇಲೆ ನಾಲ್ಕು ಸುರುಳಿ ಇಳಿದಿದ್ದವು. ಎಷ್ಟು ಚೆಂದ! ನನ್ನ ಕಣ್ಣೇ ತಾಗೀತು ಎನಿಸಿತು.

"ಹೆದ್ರ್ಬೇಡ ಅಮ್ಮಮ್ಮ. ಹೇಳಿದ್ದಕ್ಕಿಂತ ಹೆಚ್ಚ್ ಬಿಸಿ ಆಪುದಿಲ್ಲೆ ಇದ್. ಮರ್ತ್ರೆ ತನ್ನಷ್ಟಕ್ಕೇ ಬಂದ್ ಆತ್."

"ಹಾಂಗಾರೆ ಮದಿ ದಿನ ಚೂರ್ ಎಣ್ಣಿ ಹಚ್ಕಂಡೇ ಸುತ್ತ್ ಮಗಾ. ಹೊಳಿತ್."

"ಅಯ್ಯೋ! ಎಣ್ಣಿ ಇದ್ರೆ ಮುಟ್ಸುಕೇ ಆಗ. ಎಣ್ಣಿ ಕುದ್ದ್ ಚರ್ಮ ಬೇಯ್ತ್. ಕಾಣ್, ಈ ಚೀಟ್ಯಗೇ ಬರ್ದಿರ್."

ಆ ಅಕ್ಷರ ನನಗೆ ಬರುವುದಿಲ್ಲ. ಕೆಂಪು ಹಿಡಿಯ ಕಂಬಿಯ ಡಬ್ಬಿಯೊಳಗೂ ಇಂಥದ್ದೊಂದು ಚೀಟಿ ಇತ್ತು, ಅದರಲ್ಲಿ ನಾನು ಹೂವಿನ ಪೊಟ್ಟಣ ಕಟ್ಟಿದ್ದೆ.

"ಎಂಟ್ ಸಾವ್ರದ್ದಾರೂ?" ಎಂದೆ.

"ಎಂಟ್ ಲಕ್ಷದ್ದಾರೂ."

ಹಿಂದೆ ಸುಮತಿ ನಿಂತಿದ್ದಳು. ಅವಳ ಮುಖ ನೋಡಿದ ಕೂಡಲೇ ಗೊತ್ತಾಯಿತು.

"ನಿಂಗೆ ಗೊತ್ತಿತ್ತಾ?"

"ಅವತ್ತೇ ಗೊತ್ತಿತ್ತ್. ಎಣ್ಣಿ ಸುದ್ದಿ ಹೇಳಿದ್ರೆ ಗಂಡಿನ್ ಕಡಿಯವ್ರ್ ಬಿಡ್ತಿದ್ರಾ? ಗಂಡ ಇಲ್ದಿದ್ದವ್ಳ್ ಕೈ ಬಿದ್ದ್ ಹೀಂಗಾಯ್ತ್ ಅಂತಿದ್ರ್. ಕಂಬಿಗೆ ಎಂತ ಹೇಳ್ರೂ ನೋವಿಲ್ಲೆ ಅಂದ್ಕಂಡೆ."

"ಮಾವಂಗೆ?"

"ಮಾವನ್ ಬೆರಳಿಗೆ ಎಣ್ಣಿ ಹತ್ತಿತ್ತಲೆ ಅಮ್ಮ. ಸುಟ್ಟ್ ಮೇಲೆ ಕೈ ಕಂಡ್ಕಂಡ್ರ್. ನನ್ ಹತ್ರ ಮೆಲ್ಲ ಕೇಂಡ್ರ್. 'ಅಕ್ಕಂಗ್ ಹೇಳ್ಬೇಡ. ನನ್ನೇ ಬೈಲಿ' ಅಂದ್ರ್."

ನಿಧಿ ಯಂತ್ರ ಬಂದ್ ಮಾಡಿದಳು. ಆಮೇಲೆ ಸುಮತಿ ಕಪಾಟಿನಿಂದ ಎಣ್ಣೆಯ ಗಿಂಡಿ ತಂದು ನನ್ನ ಕೈಯಲ್ಲಿಟ್ಟಳು. "ಮದಿ ದಿನ ಮೀಯುಕ್ ಮುಂಚೆ, ಎಲ್ಲರಿಗಿಂತ ಮೊದ್ಲ್ ನೀನೇ ಇಡ್ಕ್."

"ಜನ ಎಂತ ಹೇಳ್ತ್ರ್ ಹೆಣೆ?"

"ಹೇಳ್ಲಿ. ಈ ಸಲ ನಾನ್ ಕಂಬಿ ಮೇಲ್ ಹಾಕುದಿಲ್ಲೆ."

ದೇವರೇ, ನಾನು ಮೊಮ್ಮಗಳ ತಲೆಗೆ ಎಣ್ಣೆ ಇಡುತ್ತೇನೆ, ಎಲ್ಲರ ಎದುರು, ಬಾಗಿಲು ತೆರೆದಿಟ್ಟು! ಕಂಡಕ್ಟರಿಗೆ ಹೇಳಬೇಕಾದದ್ದು ಇದು. ಆದರೆ ಇವತ್ತು ಯಾರಿಗೂ ಹೇಳಲು ಎದ್ದು ಹೋಗಲಿಲ್ಲ. ಮೊದಲು ಹೇಳಬೇಕಾದವನು ಇಲ್ಲ.

ಮತ್ತೆ ಬಂದು ಕಾಯಿ ಹೆರೆಯಲು ಕೂತೆ. ಗಿಂಡಿ ಹಿಡಿದ ಬೆರಳಿನಲ್ಲಿ ಜಿಡ್ಡು ಉಳಿದಿತ್ತು. ಸೆರಗಿಗೆ ಒರೆಸುವ ಮೊದಲು ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡಿದೆ. ಮುಟ್ಟಿದ ಕೂಡಲೇ ಗೊತ್ತಾಗುತ್ತದೆ, ಎಣ್ಣೆಯೆಂದು.