ಲಿಫ್ಟಿಗೂ ರಸ್ತೆಗೂ ನಡುವೆ ಗೇಟಮ್ಮ

ಭಾನುವಾರದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಫ್ಲ್ಯಾಟುಗಳ ಮುಂದಿನ ಕಾವಲು ಕೋಣೆಯ ಬಳಿ ಗೇಟಮ್ಮ ನಿಂತಲ್ಲಿ ನಿಲ್ಲುತ್ತಿಲ್ಲ. ಗಂಡಸಿನ ಅಳತೆಗೆ ಹೊಲಿದ ಸಮವಸ್ತ್ರದ ತೋಳನ್ನು ಮಡಚುತ್ತಾಳೆ, ಮತ್ತೆ ಬಿಡಿಸುತ್ತಾಳೆ. ಒಂದು ಕಣ್ಣು ಲಿಫ್ಟಿನ ಮೇಲೆ, ಇನ್ನೊಂದು ರಸ್ತೆಯಾಚೆ. ಹನ್ನೆರಡು ತಾಸಿನ ರಾತ್ರಿ ಪಾಳಿ ಬೆಳಿಗ್ಗೆ ಆರಕ್ಕೇ ಮುಗಿದಿದೆ.

"ಮನೆಗೆ ಹೋಗಕ್ಕಾ, ಸುಮ್ನೆ ಯಾಕೆ ನೆಲ ಸವೆಸ್ತೀಯ?" ಎಂದು ಹಗಲು ಪಾಳಿಯವನು ಕೆಣಕುತ್ತಾನೆ.

"ಸವೆದ್ರೆ ಇವರ ನೆಲ, ನಿಂಗ್ಯಾಕಪ್ಪ ಹೊಟ್ಟೆನೋವು?"

ಈ ಗೇಟಿನಲ್ಲಿ ಇದು ಅವಳ ಕೊನೆಯ ಭಾನುವಾರ ಇರಬಹುದು. ಅವಳನ್ನು ಹಿಂದಿನ ಗೇಟಿಗೆ ತಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ನಿವಾಸಿಗಳ ಸಂಘ ಇಂದು ಹನ್ನೊಂದಕ್ಕೆ ಸೇರುತ್ತಿದೆ. ಅವಳಿಗೆ ಕರೆಯಿಲ್ಲ.

ಏಳಕ್ಕೆ ಲಿಫ್ಟಿನ ಬಾಗಿಲು ತೆರೆಯುತ್ತದೆ. ತಾಯಿಯೊಬ್ಬಳು ಐದು ವರ್ಷದ ಮಗಳನ್ನು ಗೇಟಮ್ಮನ ಪಕ್ಕ ನಿಲ್ಲಿಸುತ್ತಾಳೆ. "ಆ ಮಹಾನುಭಾವನಿಗೆ ಹೇಳು, ಕೆಮ್ಮಿದೆ, ತಣ್ಣಗಿರೋದು ಕೊಡಿಸಿ ಧಾರಾಳತನ ತೋರಿಸೋದು ಬೇಡ." ಅಷ್ಟೇ. ಲಿಫ್ಟು ಮೇಲೇರಿದ ಮೇಲೆ, ರಸ್ತೆಯಾಚೆ ಕಾರಿನಲ್ಲಿ ಕಾದಿರುವ ತಂದೆ ಇಳಿಯಬೇಕು. ಎದುರಾದರೆ ಇಬ್ಬರಿಗೂ ನಾಲಗೆಯ ಮೇಲೆ ಹಿಡಿತವಿರುವುದಿಲ್ಲ.

ವಿಚ್ಛೇದನದ ಮೊಕದ್ದಮೆ ತೀರುವ ತನಕ ಮನೆ ತಾಯಿ-ಮಗಳಿಗೆ, ಕಾರು ತಂದೆಗೆ. ಮನೆಯ ಸಾಮಾನನ್ನು ಒಬ್ಬರೇ ಕದಲಿಸುವಂತಿಲ್ಲ. ಭಾನುವಾರ ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಮಗು ತಂದೆಯ ಬಳಿ. ಒಪ್ಪಿಸುವ ಜಾಗ ಮುಖ್ಯ ಗೇಟು. ಇದು ನ್ಯಾಯಾಲಯದ ಮಧ್ಯಂತರ ಆದೇಶ. ಅದರಲ್ಲಿ ಗೇಟಿದೆ, ಗೇಟು ಕಾಯುವ ಹೆಂಗಸಿಲ್ಲ. ತಾಯಿ ಲಿಫ್ಟು ಹತ್ತಿ ತಂದೆ ರಸ್ತೆ ದಾಟುವ ನಡುವೆ ಆ ಕೂಸು ಯಾರದು ಎಂದು ಕಪ್ಪು ಕೋಟಿನವರಾರಿಗೂ ಹೊಳೆದಿಲ್ಲ. ಕಾನೂನಿನ ಆ ಬಿರುಕಿಗೆ ಒಂದು ಬಡ ಮೈಯನ್ನು ಬಿಟ್ಟಿಯಾಗಿ ಅಡ್ಡ ನಿಲ್ಲಿಸಿ ಊರೆಲ್ಲ ನೆಮ್ಮದಿಯಾಗಿದೆ.

"ತೆಗಿ ಪುಟ್ಟಿ, ಅಪ್ಪ ಬಂದ್ರು."

ಪುಟ್ಟಿ ಎರಡೂ ಕೈಯಿಂದ ಗುಂಡಿ ಒತ್ತುತ್ತಾಳೆ. ಅಡ್ಡಗಂಬ ಏಳುತ್ತದೆ. ಸಂಜೆ ತಾಯಿ ಇಳಿದು ಬರುವಾಗಲೂ ಪುಟ್ಟಿಯೇ ಲಿಫ್ಟಿನ ಗುಂಡಿ ಒತ್ತಿ ಕರೆಸಿಕೊಳ್ಳುತ್ತಾಳೆ. ಇದು ಗೇಟಮ್ಮನ ಉಪಾಯ, ನನಗೆ ಅವಳೇ ಹೇಳಿದ್ದು. "ಮೊದಮೊದಲು ಕೈ ಬದಲಾಯಿಸಿದ್ರೆ ಸಾಕು, ಕಿರುಚೋದು. ಆಮೇಲೆ ಕೆಲಸ ಕೊಟ್ಟೆ. ಈಗ ಅದನ್ನ ಯಾರೂ ಕೊಡೋದಿಲ್ಲ, ಯಾರೂ ತಗೊಳ್ಳೋದಿಲ್ಲ. ಅದೇ ಅವರನ್ನ ಒಳಗೆ ಬಿಟ್ಕೊಳ್ಳುತ್ತೆ."

ತಂದೆಗೆ ಅವಳು ಹೇಳುವುದು ಇಷ್ಟೇ: "ಕೆಮ್ಮಿದೆಯಂತೆ, ತಣ್ಣಗಿರೋದು ಬೇಡ." ಉಳಿದದ್ದನ್ನು ನುಂಗಿಬಿಡುತ್ತಾಳೆ. "ಮಾತು ದಾಟಿಸ್ತೀನಿ, ಮುಳ್ಳು ದಾಟಿಸಲ್ಲ."

ಸಾಬೂನಿನ ಕಾರ್ಖಾನೆಯ ಪ್ಯಾಕಿಂಗ್ ವಿಭಾಗ ಮುಚ್ಚಿದ ಮೇಲೆ ಈ ಕೆಲಸಕ್ಕೆ ಬಂದವಳು. ವಾರದ ರಜೆಯಿಲ್ಲ, ಕೇಳಿದರೆ ಏಜೆನ್ಸಿಯವರು "ಹೊರಗೆ ನೂರು ಜನ ಕಾಯ್ತಿದಾರೆ" ಎನ್ನುತ್ತಾರೆ. ಅವಳ ಸಂಸಾರ ಮುರಿದಾಗ ಯಾವ ಆದೇಶವೂ ಇರಲಿಲ್ಲ. "ಕೆಲಸದಿಂದ ಬರೋ ಅಷ್ಟರಲ್ಲಿ ಅವನು ಮನೆಗೆ ಬೀಗ ಜಡಿದು ಮಗನ್ನ ಎತ್ಕೊಂಡು ಹೋಗಿದ್ದ. ಮೈಮೇಲಿನ ಬಟ್ಟೆನೇ ನನ್ನ ಪಾಲು. ಎರಡು ವರ್ಷ ಆದ್ಮೇಲೆ ಸಿಕ್ಕಾಗ ಮಗ ನನ್ನನ್ನ 'ಆಂಟಿ' ಅಂದ." ಹೇಳುತ್ತಲೇ ಎದ್ದು ಹೋಗಿ, ಆಗಲೇ ಮುಚ್ಚಿರುವ ಗೇಟನ್ನು ಅಲುಗಾಡಿಸಿ ನೋಡುತ್ತಾಳೆ.

ಪುಟ್ಟಿಯ ತಂದೆಯ ತಮ್ಮ ಒಮ್ಮೆ ಮಂಚ, ಬೀರು ಸಾಗಿಸಲು ಟೆಂಪೋ ತಂದಿದ್ದ. "ನಮ್ಮಣ್ಣ ದುಡಿದು ತಂದ ಮಂಚ ಅದು" ಎಂದು ಹಾರಾಡಿದ. "ಮಂಚ ನಿಮ್ಮಣ್ಣಂದೇ ಇರಲಿ, ಗೇಟು ನಿಮ್ಮಣ್ಣಂದಲ್ಲ. ಇಬ್ಬರೂ ಒಪ್ಪಿ ಬರಲಿ, ನಾನೇ ಒಂದು ಕೈ ಕೊಡ್ತೀನಿ" ಎಂದಳು. ಟೆಂಪೋ ಬಂದ ದಾರಿ ಹಿಡಿಯಿತು.

ಈಗಿನ ತಕರಾರು ಕಳೆದ ಭಾನುವಾರದ್ದು. ಜ್ವರದಲ್ಲಿದ್ದ ತಂದೆಯ ಬದಲು ಅವನ ತಾಯಿ ಬಂದರು. ಪುಟ್ಟಿ "ಅಜ್ಜೀ" ಎಂದು ಓಡಿದಳು. ಗೇಟಮ್ಮ ಅಡ್ಡ ನಿಂತಳು.

"ನನ್ನ ಮೊಮ್ಮಗಳು ಕಣೇ. ನೀನ್ಯಾವಳು ತಡೆಯೋಕೆ?"

"ನಾನ್ಯಾವಳೂ ಅಲ್ಲಮ್ಮ. ಅಪ್ಪನ ಕೈಗೆ ಮಾತ್ರ ಅಂತಿದೆ, ಕರ್ಕೊಂಡು ಹೋಗೋ ಹಾಗಿಲ್ಲ. ಕೂತು ಮಾತಾಡ್ಸಬಾರ್ದು ಅಂತ ಯಾವ ಕೋರ್ಟೂ ಹೇಳಿಲ್ಲ. ಒಳಗೆ ಬನ್ನಿ."

ಕಾವಲು ಕೋಣೆಯ ಕುರ್ಚಿಯಲ್ಲಿ ಅಜ್ಜಿ ಕೂತರು, ಮಡಿಲಲ್ಲಿ ಮೊಮ್ಮಗಳು. ಜಡೆ ಬಿಚ್ಚಿ ಮತ್ತೆ ಹೆಣೆದರು. ಮೇಲಿನ ಬಾಲ್ಕನಿಯಿಂದ ತಾಯಿ ನೋಡುತ್ತಲೇ ಇದ್ದಳು. ಇಳಿದು ಬರಲಿಲ್ಲ, ಮಗಳನ್ನು ಕೂಗಲೂ ಇಲ್ಲ.

ವಾಕಿಂಗ್ ಮುಗಿಸಿ ಬಂದ ಸಂಘದ ಕಾರ್ಯದರ್ಶಿಗೆ ಮಾತ್ರ ಕಣ್ಣು ಉರಿಯಿತು. "ಗೇಟು ತೆಗೆಯೋದು, ಮುಚ್ಚೋದು ನಿನ್ನ ಕೆಲಸ. ಕಂಡವರ ಸಂಸಾರ ಜೋಡಿಸೋದಲ್ಲ."

"ಜೋಡಿಸೋಕೆ ನಾನ್ಯಾರು ಸಾರ್, ಆ ಮಗು ಕೆಳಗೆ ಬೀಳದ ಹಾಗೆ ನೋಡ್ಕೋತೀನಿ ಅಷ್ಟೆ."

ತಮ್ಮ ಮನೆಬಾಗಿಲಲ್ಲಿ ಮುರಿದು ಬಿದ್ದಿರುವ ಸಂಸಾರ ಕಣ್ಣಿಗೆ ಬೀಳಬಾರದು, ಅದನ್ನು ಗುಡಿಸುವವಳೂ ಬೀಳಬಾರದು. ಸಭ್ಯಸ್ಥರೆಂದರೆ ಇವರೇ.

ತಂದೆ ಮಗಳ ಕೈ ಹಿಡಿದು ರಸ್ತೆ ದಾಟುತ್ತಿದ್ದಾನೆ. ಗೇಟಮ್ಮ ಟೋಪಿ ತೆಗೆದು ಚೀಲಕ್ಕೆ ತುರುಕುತ್ತಾಳೆ. ಹಿಂದಿನ ಗೇಟಿಗೆ ಹಾಕಿದರೆ ಏನು ಮಾಡುತ್ತೀರಿ ಎಂಬ ನನ್ನ ಪ್ರಶ್ನೆಗೆ ಉತ್ತರಿಸಲು ಅವಳು ಯೋಚಿಸುವುದೇ ಇಲ್ಲ.

"ಅಲ್ಲೂ ಪಾಳಿ ಆರಕ್ಕೇ ಮುಗಿಯುತ್ತೆ. ಏಳಕ್ಕೆ ಇಲ್ಲಿರ್ತೀನಿ. ಒಳಗೆ ಬೇಡ ಅಂದ್ರೆ ಹೊರಗೆ ನಿಂತ್ಕೋತೀನಿ. ರಸ್ತೆ ಯಾರಪ್ಪನ ಮನೆ ಆಸ್ತೀನೂ ಅಲ್ವಲ್ಲ."