ಗಾಜಿನ ತೊಟ್ಟಿಯ ದೀಪ

ಕೊಡಗು ಇನ್ನೂ ಮೈಸೂರಿಗೆ ಸೇರದೆ ತನ್ನದೇ ರಾಜ್ಯವಾಗಿದ್ದ ದಿನಗಳಲ್ಲಿ ಪಾಲಿಬೆಟ್ಟದ ಒಂದು ಎಸ್ಟೇಟ್ ಬಂಗಲೆಗೆ ವೈರಿಂಗ್ ಮಾಡಿದವನು ನಾನು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಿಜ, ಆದರೆ ನಾನು ಎಳೆದ ತಂತಿ ಒಂದು ದಿನವೂ ಕೈಕೊಟ್ಟಿಲ್ಲ. ಅಲ್ಲಿನ ಬಟ್ಲರ್ ಮಾತ್ರ ಅದನ್ನು ನಂಬಲಿಲ್ಲ. ಸ್ವಿಚ್ಚಿನ ಮುಂದೆ ಹಾಯುವಾಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು.

"ಮೇಸ್ತ್ರಿ, ನೀವೇ ಹಾಕಿ. ನನಗೆ ಹೆಂಡ್ತಿ ಮಕ್ಕಳುಂಟು."

"ನನಗೇನು ಇಲ್ವಾ?"

"ನಿಮಗೇನು, ಕರೆಂಟು ನಿಮ್ಮ ನೆಂಟ!"

ಹಜಾರದ ಗಾಜಿನ ತೊಟ್ಟಿಯಲ್ಲಿ ಎಸ್ಟೇಟಿನ ಬಿಳಿ ದೊರೆಯ ಬಣ್ಣದ ಮೀನುಗಳಿದ್ದವು. ಕಿಟಕಿಯ ಬಿಸಿಲಿಗೆ ನೀರು ಪಾಚಿಗಟ್ಟುತ್ತಿತ್ತು. ಅದಕ್ಕೆ ತೊಟ್ಟಿಯನ್ನು ಒಳಗೋಡೆಗೆ ಸರಿಸಿ, ಮೇಲೊಂದು ಚಿಕ್ಕ ಬಲ್ಬು ಹಾಕಿದ್ದೆ. ಒಂದು ಮೀನು ಸತ್ತರೂ ಬಟ್ಲರ್ ಕೆಲಸ ಹೋಯಿತೆಂದು ದೊರೆ ಹೇಳಿಬಿಟ್ಟಿದ್ದ.

ಒಂದು ಮಧ್ಯಾಹ್ನ ಅತಿಥಿಗಳಿಗೆ ಮೀನು ಚೆನ್ನಾಗಿ ಕಾಣಲೆಂದು ದೊರೆ ನನ್ನಿಂದ ದೊಡ್ಡ ಬಲ್ಬು ಹಾಕಿಸಿದ. ಯಾರೂ ಆರಿಸಕೂಡದೆಂದ. ನಾನು ಬಾಗಿಲಲ್ಲಿ ನಿಂತಿದ್ದೆ. ನೀರು ಬಿಸಿಯಾಗುತ್ತ ಬಂದಂತೆ ಮೀನುಗಳು ಮೇಲೆದ್ದು ಬಾಯಿ ಬಿಡತೊಡಗಿದವು. ಬಟ್ಲರ್ ಟೀ ಟ್ರೇ ಕೆಳಗಿಟ್ಟು ಗೋಡೆಯತ್ತ ನಡೆದರು. ದೀಪ ಆರಿತು.

"ಯಾರದು ಆರಿಸಿದ್ದು?" ದೊರೆ ಗುಡುಗಿದ.

ಬಟ್ಲರ್ ಕೈ ಸ್ವಿಚ್ಚಿಗೆ ಅಂಟಿಕೊಂಡಿತ್ತು, ಮೈಯೆಲ್ಲ ನಡುಗುತ್ತಿತ್ತು. ಕರೆಂಟು ಹಿಡಿಯಿತೆಂದುಕೊಂಡೆ. ಮೂಲೆಯಲ್ಲಿದ್ದ ಬೆತ್ತ ಹಿಡಿದು ಓಡಿ, ಕೈ ಬಿಡಿಸಲು ಎತ್ತಿದೆ.

"ಹೊಡೀಬೇಡಿ ಮೇಸ್ತ್ರಿ," ಎಂದರು ಕಣ್ಣು ಮುಚ್ಚಿಕೊಂಡೇ. "ಕೈ ತೆಗೆದ್ರೆ ಯಾರಾದ್ರೂ ಮತ್ತೆ ಹಾಕ್ತಾರೆ."