ಮೇಲೇ ಉಳಿದ ಕೈ

ಕೊಡೆ ಕಾರ್ಖಾನೆಯಲ್ಲಿ ಬಟ್ಟೆ ಹೊಲಿದು ನಿವೃತ್ತಳಾದ ಆಕೆಯನ್ನು ಬೀದಿಯವರೆಲ್ಲ ಕೊಡೆಯತ್ತೆ ಎಂದೇ ಕರೆಯುತ್ತಿದ್ದರು. ಕಂಪನಿಯ ಷೇರು ಮಾರುಕಟ್ಟೆಗೆ ಬಂದಾಗ ಅತ್ತೆಯೂ ಒಂದಿಷ್ಟು ಕೊಂಡಿದ್ದಳು. ಅಂದಿನಿಂದ ಪ್ರತಿ ವಾರ್ಷಿಕ ಸಭೆಗೂ ಹೋಗಿ ಕೈಯೆತ್ತಿದ್ದೇ ಬಂತು. ಕಂಪನಿ ಕಟ್ಟಿದ ಧಣಿಗಳ ಒಂದೊಂದು ಷೇರಿಗೆ ಹತ್ತು ಓಟು, ಅತ್ತೆಯದಕ್ಕೆ ಒಂದೇ. ಸಭೆಗೆ ಸಭೆಯೇ ಬೇಡವೆಂದರೂ ಧಣಿಗಳು ಹೂಂ ಅಂದರೆ ಮುಗಿಯಿತು.

ಈ ವರ್ಷ ಧಣಿಗಳು ಷೇರುಗಳನ್ನು ಮಾರಿಬಿಟ್ಟರು. ಷೇರು ಅವರ ಕೈ ಬಿಟ್ಟಿದ್ದೇ ತಡ, ಕಂಪನಿಯ ನಿಯಮದಂತೆ ಅದರ ಹತ್ತು ಓಟು ಒಂದಕ್ಕಿಳಿಯಿತು. ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಈಗ ಅದೇ ಕಾರ್ಖಾನೆಯಲ್ಲಿ ಹೊಲಿಯುವ ಸೊಸೆಯನ್ನು ಎಳೆದುಕೊಂಡು ಹೋಗಿ ಸಭೆಯ ಮುಂದಿನ ಸಾಲಿನಲ್ಲೇ ಕೂತಳು. ಸೊಸೆಯ ಹೊಲಿಗೆ ವಿಭಾಗವನ್ನೇ ಮುಚ್ಚುವ ಪ್ರಸ್ತಾಪ ಅಂದು ಸಭೆಯ ಮುಂದಿತ್ತು.

"ಹೊಲಿಗೆ ವಿಭಾಗ ಮುಚ್ಚೋದು ಬೇಡ ಅನ್ನೋರು ಕೈ ಎತ್ತಿ," ಎಂದರು ಅಧ್ಯಕ್ಷರು.

ಅತ್ತೆ ಎದ್ದು ನಿಂತೇ ಕೈಯೆತ್ತಿದಳು. ಹಿಂದೆ ಸಾಲುಸಾಲು ಕೈಗಳು ಮೇಲೆದ್ದವು. ಗುಮಾಸ್ತರು ಒಬ್ಬೊಬ್ಬರ ಷೇರನ್ನೂ ಕೂಡಿಸಿದರು. ವಿಭಾಗ ಉಳಿಯಿತು! ಸಭೆ ಚಪ್ಪಾಳೆಯಲ್ಲಿ ಮುಳುಗಿತು.

"ಅತ್ತೇ, ಗೆದ್ದಾಯ್ತು, ಕೈ ಇಳ್ಸಿ!" ಸೊಸೆ ನಗುತ್ತಾ ತೋಳು ಜಗ್ಗಿದಳು.

"ಸುಮ್ನಿರೇ! ಇಷ್ಟು ವರ್ಷ ದಂಡಕ್ಕೆ ಎತ್ತಿದ ಕೈ ಇದು. ಇವತ್ತು ಸ್ವಲ್ಪ ಹೊತ್ತು ಮೇಲೇ ಇರ್ಲಿ ಬಿಡು!"